ಡ್ರಮ್ಮಿಲ್ಲದ ಹಾಡು

ಬೆಳಿಗ್ಗೆ ಎದ್ದ ಕೂಡಲೇ ಕ್ಲೈವ್ ಟ್ರಾಂಟರ್ ಮಾಡುತ್ತಿದ್ದ ಮೊದಲ ಕೆಲಸವೆಂದರೆ ಬೆರಳುಗಳನ್ನು ಒಂದೊಂದಾಗಿ ಬಿಡಿಸಿಕೊಳ್ಳುವುದು. ಹದಿನಾಲ್ಕು ತಿಂಗಳು ಎಡೆಬಿಡದೆ ಡ್ರಮ್ಮು ಬಾರಿಸಿ, ಅವನ ಕೈಗಳು ನಿದ್ದೆಯಲ್ಲೂ ಕೋಲು ಹಿಡಿದ ಹಾಗೆಯೇ ಮಡಚಿಕೊಂಡಿರುತ್ತಿದ್ದವು. ಬಿಸಿನೀರಲ್ಲಿ ಅದ್ದಬೇಕು, ಹೆಬ್ಬೆರಳ ಬುಡಕ್ಕೆ ಪ್ಲಾಸ್ಟರು ಸುತ್ತಬೇಕು, ಆಮೇಲೆ ಚಹಾದ ಲೋಟ ಹಿಡಿಯಬೇಕು. ಇಪ್ಪತ್ತಾರು ವರ್ಷದ ಗಂಡಸು ಅಂಗಿಯ ಗುಂಡಿ ಹಾಕಿಕೊಳ್ಳಲು ಎಪ್ಪತ್ತರ ಮುದುಕನಂತೆ ಒದ್ದಾಡುತ್ತಿದ್ದ.

ಅದು ೧೯೭೩ರ ಫೆಬ್ರವರಿ. ಫೋರ್ಜ್ ಲೇನ್ ಎಂಬ ಅವನ ರಾಕ್ ಸಂಗೀತದ ತಂಡ ಮೂರನೆಯ ಆಲ್ಬಮ್ಮಿಗಾಗಿ ಹೆರಿಫರ್ಡ್ ಕಡೆಯ ಒಂದು ತೋಟದಲ್ಲಿ ಬೀಡುಬಿಟ್ಟಿತ್ತು. ಬಿಯರಿಗೆ ಹಾಕುವ ಹಾಪ್ಸ್ ಹೂವನ್ನು ಒಣಗಿಸುತ್ತಿದ್ದ ಇಟ್ಟಿಗೆ ಕಟ್ಟಡವನ್ನು ಯಾರೋ ಪುಣ್ಯಾತ್ಮರು ಸ್ಟುಡಿಯೋ ಮಾಡಿದ್ದರು. ಗೋಡೆಗೆಲ್ಲ ಕಂಬಳಿ ಹೊಡೆದಿದ್ದರೂ ಆ ಹೂವಿನ ಕಹಿ ವಾಸನೆ ಮಾತ್ರ ಬಿಟ್ಟುಹೋಗಿರಲಿಲ್ಲ.

ನಾಲ್ವರೂ ವಾಲ್ಸಾಲ್ ಊರಿನ ಒಂದೇ ಬೀದಿಯಲ್ಲಿ ಬೆಳೆದವರು. ಹಾಡುವವನು ರಾಯ್‌ಸ್ಟನ್ ಬೆಡೋಸ್. ಗಿಟಾರು ನೆವಿಲ್ ಹ್ಯಾಡ್ಲಿಯದು. ಬೇಸ್ ಗಿಟಾರು ಪಾಡ್ಜ್ ಯಾರ್ಡ್ಲಿಯದು. ಅವನ ನಿಜವಾದ ಹೆಸರು ಹೆತ್ತ ತಾಯಿಗೂ ಮರೆತುಹೋಗಿತ್ತು. ಡ್ರಮ್ಮು ಕ್ಲೈವನದು. ಇಂಗ್ಲೆಂಡಿನಲ್ಲೇ ಇವರಷ್ಟು ಜೋರಾಗಿ ಬಾರಿಸುವವರಿಲ್ಲ ಎಂದು ಒಂದು ಪತ್ರಿಕೆ ಬೈದು ಬರೆದಿತ್ತು. ಇವರು ಅದನ್ನೇ ಬಿರುದು ಮಾಡಿಕೊಂಡು ದೇಶ ದೇಶ ತಿರುಗಿದ್ದರು. ತಿರುಗಿ ತಿರುಗಿ ಈಗ ನಾಲ್ವರ ಮುಖದಲ್ಲೂ ಒಂದೇ ಬಣ್ಣ, ರೈಲು ಸ್ಟೇಷನ್ನಿನ ಗೋಡೆಯ ಬಣ್ಣ.

ಸಾಲದ್ದಕ್ಕೆ ನೆವಿಲ್‌ಗೂ ರಾಯ್‌ಸ್ಟನ್‌ಗೂ ನವೆಂಬರಿನಿಂದ ಮಾತಿಲ್ಲ. ಅಮೆರಿಕದ ಟೊಲೀಡೋ ಊರಿನಲ್ಲಿ, ವೇದಿಕೆಯ ಮೇಲೆ, ನೆವಿಲ್ ಒಬ್ಬನೇ ಒಂಬತ್ತು ನಿಮಿಷ ಗಿಟಾರು ಬಾರಿಸುತ್ತ ಮೈಮರೆತಾಗ ರಾಯ್‌ಸ್ಟನ್ ಸದ್ದಿಲ್ಲದೆ ಹೋಗಿ ಅದರ ವಯರು ಕಿತ್ತುಬಿಟ್ಟಿದ್ದ. ಆರು ಸಾವಿರ ಜನ ನಕ್ಕರು. ಅಂದಿನಿಂದ ಅವರಿಬ್ಬರೂ ಎಣ್ಣೆ ಸೀಗೇಕಾಯಿ. ಏನಾದರೂ ಹೇಳುವುದಿದ್ದರೆ ನಡುವೆ ಕ್ಲೈವ್ ಇದ್ದ.

"ಕ್ಲೈವ್, ಅವನಿಗೆ ಹೇಳು, ಗಂಟಲಿಲ್ಲದ ಹಾಡುಗಾರ ಅಂದ್ರೆ ತಳ ತೂತಾದ ಬಕೆಟ್ಟು ಅಂತ," ಎಂದ ನೆವಿಲ್, ಎದುರಿಗೇ ಕೂತಿದ್ದ ರಾಯ್‌ಸ್ಟನ್‌ನ ಕಡೆ ನೋಡದೆ.

ಬೆಳಗಿನ ತಿಂಡಿಯ ಹೊತ್ತು. ಹಿಂದಿನ ದಿನವಷ್ಟೇ ಪೇಟೆಯ ಡಾಕ್ಟರು ರಾಯ್‌ಸ್ಟನ್‌ನ ಗಂಟಲಿಗೆ ಪುಟ್ಟ ಕನ್ನಡಿ ಇಳಿಸಿ ನೋಡಿದ್ದರು. ಒಳಗೆ ಎಳ್ಳುಕಾಳಿನಷ್ಟು ದಪ್ಪದ ಎರಡು ಗಂಟು. ಎರಡು ತಿಂಗಳು ಕಿರುಚುವ ಹಾಗಿಲ್ಲ. ಮೆಲ್ಲಗೆ, ಸ್ವಲ್ಪವೇ ಹಾಡಬಹುದು. ಮಾತು ಮೀರಿದರೆ ಜನ್ಮಪೂರ್ತಿ ಕಪ್ಪೆಯ ದನಿಯೇ ಗತಿ.

"ಅವನಿಗೆ ಹೇಳು," ಎಂದ ರಾಯ್‌ಸ್ಟನ್ ಪಿಸುದನಿಯಲ್ಲಿ, "ತೂತು ಬಿದ್ದಿದ್ದೇ ಅವನ ಗಿಟಾರಿನ ಗಲಾಟೆ ಮೇಲೆ ಕೂಗಿ ಕೂಗಿ ಅಂತ."

ಒಲೆಯ ಮುಂದೆ ಹಂದಿಮಾಂಸ ಕರಿಯುತ್ತಿದ್ದ ಪಾಡ್ಜ್ ತಿರುಗಿ ನೋಡಲಿಲ್ಲ. "ಇಬ್ಬರೂ ಕಾಗದಕ್ಕೆ ಸ್ಟಾಂಪು ಅಂಟಿಸಿ ಡಬ್ಬಕ್ಕೆ ಹಾಕ್ರಪ್ಪ. ಪೋಸ್ಟ್‌ಮ್ಯಾನ್ ಚಹಾ ಕುಡೀತಾ ಇದಾನೆ."

ಕ್ಲೈವ್ ಚಹಾದ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಅವನ ಕೋಟಿನ ಒಳಜೇಬಿನಲ್ಲಿ ಹೆಂಡತಿ ಬೆರಿಲ್ ಬರೆದ ಕಾಗದವಿತ್ತು. ಅವಳ ಅಣ್ಣ ಹೊರೇಸ್ ಬಸ್ ಡಿಪೋದಲ್ಲಿ ಮಾತಾಡಿದ್ದಾನೆ, ಮಾರ್ಚ್ ಹನ್ನೆರಡನೇ ತಾರೀಕು ಸೋಮವಾರ ಹೊಸ ಡ್ರೈವರುಗಳ ತರಬೇತಿ ಶುರು, ಬರುವುದಾದರೆ ಜಾಗ ಹಿಡಿದಿಡುತ್ತಾರೆ ಎಂದಿತ್ತು. ಕೊನೆಯಲ್ಲಿ, ಹೇಝೆಲ್ ಈಗ ಕುರ್ಚಿ ಹಿಡಿದು ನಿಲ್ಲುತ್ತಾಳೆ ಎಂದಿತ್ತು. ಮಗಳಿಗೆ ಹನ್ನೊಂದು ತಿಂಗಳು. ಅಷ್ಟರಲ್ಲಿ ಕ್ಲೈವ್ ಅವಳ ಜೊತೆ ಇದ್ದದ್ದು ಹದಿನೇಳು ದಿನ. ಬರುತ್ತೇನೆಂದು ಅವನು ಬೆರಿಲ್‌ಗೆ ಉತ್ತರ ಬರೆದಾಗಿತ್ತು. ಇವರಿಗೆ ಹೇಳುವುದು ಮಾತ್ರ ಬಾಕಿ. ದಿನಾ ಬೆಳಿಗ್ಗೆ ಇವತ್ತು ಹೇಳೋಣ ಎಂದುಕೊಳ್ಳುವುದು, ಈ ಮುಖಗಳನ್ನು ನೋಡಿ ನಾಳೆಗೆ ಹಾಕುವುದು.

ಆಲ್ಬಮ್ಮಿಗೆ ಏಳು ಹಾಡು ಮುಗಿದಿದ್ದವು. ರೆಕಾರ್ಡಿನ ಎರಡನೆಯ ಬದಿಯಲ್ಲಿ ಇನ್ನೂ ನಾಲ್ಕು ನಿಮಿಷ ಖಾಲಿ ಬಿದ್ದಿತ್ತು. ಅಲ್ಲಿ ಹಾಕಬೇಕೆಂದಿದ್ದ ಹಾಡು ಮೊದಲಿಂದ ಕೊನೆಯವರೆಗೂ ಬರೀ ಕೂಗು. ಅದು ಈಗ ಆಗುವಂತಿರಲಿಲ್ಲ. ಲಂಡನ್ನಿನಿಂದ ಮ್ಯಾನೇಜರು ಫೋನು ಮಾಡಿ, "ನಾಲ್ಕೇ ನಿಮಿಷ ಕಣ್ರಯ್ಯ. ಏನಾದ್ರೂ ತುಂಬಿಸಿ. ಬೇಕಾದ್ರೆ ಸಾಲಾಗಿ ನಿಂತು ಕೆಮ್ಮಿ," ಎಂದು ಇಟ್ಟುಬಿಟ್ಟಿದ್ದ.

ಪಾಡ್ಜ್ ತಟ್ಟೆಗಳನ್ನು ತಂದಿಟ್ಟ. ಯಾರಿಗೂ ಏನೂ ಹೊಳೆಯಲಿಲ್ಲ. ಹೊಳೆಯಲು ತಲೆಯಲ್ಲಿ ಏನಾದರೂ ಉಳಿದಿರಬೇಕಲ್ಲ.

"ನೆವ್," ಎಂದ ಕ್ಲೈವ್ ಕಡೆಗೆ, "ರೂಮಲ್ಲಿ ಬಾರಿಸ್ತಿದ್ಯಲ್ಲ, ಅದನ್ನ ಹಾಕು."

"ಯಾವುದನ್ನ?"

"ಬೆಳಿಗ್ಗೆ ಹಲ್ಲುಜ್ಜೋಕೆ ಮುಂಚೆ ಬಾರಿಸ್ತೀಯಲ್ಲ, ಅದು."

ನೆವಿಲ್‌ನ ಕಿವಿ ಕೆಂಪಾಯಿತು. ಹೋಟೆಲ್ಲುಗಳಲ್ಲಿ ಅವನಿಗೂ ಕ್ಲೈವ್‌ಗೂ ಒಂದೇ ಕೋಣೆ. ಆ ರಾಗವನ್ನು ಕೇಳಿದ್ದು ಕ್ಲೈವ್ ಒಬ್ಬನೇ. "ಅದು ಹಾಡಲ್ಲ ಮಾರಾಯ. ಬೆರಳು ಬಿಟ್ಟುಕೊಳ್ಳಲಿ ಅಂತ ಮಾಡೋದು."

"ಬೆರಳು ನನಗೂ ಕಟ್ಟಿಕೊಂಡಿರತ್ತೆ. ನಂಗೆ ಅದನ್ನ ಕೇಳಿದ್ರೇನೇ ಬಿಡೋದು."

ಸ್ವಲ್ಪ ಹೊತ್ತು ಮುಖ ಗಂಟಿಕ್ಕಿಕೊಂಡಿದ್ದು, ನೆವಿಲ್ ಎದ್ದುಹೋಗಿ ವಿದ್ಯುತ್ತಿಲ್ಲದ, ಬರೀ ಮರದ ಗಿಟಾರನ್ನು ತಂದ. ಕುರ್ಚಿಯನ್ನು ಕಿಟಕಿಯ ಕಡೆಗೆ ತಿರುಗಿಸಿ, ಎಲ್ಲರಿಗೂ ಬೆನ್ನು ಹಾಕಿ ಬಾರಿಸಿದ. ದೊಡ್ಡ ರಾಗವೇನಲ್ಲ. ನಾಲ್ಕು ಹೆಜ್ಜೆ ಇಳಿದು, ಒಂದು ಕಡೆ ನಿಂತು ಯೋಚಿಸಿ, ಮತ್ತೆ ಹತ್ತಿ ಬರುವಂಥದ್ದು. ಮುಗಿಯುವ ಮೊದಲೇ ಬಾಗಿಲು ಬಡಿದುಕೊಂಡಿತು. ರಾಯ್‌ಸ್ಟನ್ ಎದ್ದು ಹೋಗಿದ್ದ.

"ನೋಡಿದ್ಯಾ? ಇದಕ್ಕೇ ನಾನು ಬೇಡ ಅಂದಿದ್ದು," ಎಂದ ನೆವಿಲ್.

ಒಂದು ಗಂಟೆಯ ಮೇಲೆ ರಾಯ್‌ಸ್ಟನ್ ವಾಪಸು ಬಂದ. ಬೂಟಿಗೆಲ್ಲ ಕೆಸರು. ಕುರಿಮೇವಿನ ಚೀಲದಿಂದ ಹರಿದ ದಪ್ಪ ಕಾಗದವೊಂದನ್ನು ತಂದು ಕ್ಲೈವ್‌ನ ತಟ್ಟೆಯ ಪಕ್ಕ ಇಟ್ಟ. ಪೆನ್ಸಿಲಿನಲ್ಲಿ ಬರೆದಿತ್ತು. ಕ್ಲೈವ್ ಓದಿದ.

ಬಟ್ಟೆ ಒಳಗೆ ತಾರೆ ತಂಗಿ, ಕುಲುಮೆ ಬಾಯಿ ತೆರೆವ ಹೊತ್ತು,
ಬೆಳ್ಳಗಿರುವುದೊಂದೂ ನಮ್ಮ ಬೀದಿಯಲ್ಲಿ ಬಾಳದು.

ಇನ್ನೂ ಹತ್ತು ಸಾಲಿದ್ದವು. ಕ್ಲೈವ್‌ಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಬೀದಿಯ ತುದಿಯ ಕಬ್ಬಿಣದ ಕಾರ್ಖಾನೆಯವರು ಕುಲುಮೆ ತೆರೆಯುವ ಹೊತ್ತಿಗೆ ಎಲ್ಲರ ತಾಯಂದಿರೂ ಹಿತ್ತಲಿಗೆ ಓಡುತ್ತಿದ್ದರು. ಎರಡು ನಿಮಿಷ ತಡವಾದರೆ ಒಗೆದ ಹಾಸಿಗೆ ಬಟ್ಟೆಯೆಲ್ಲ ಮಸಿ. ರಾಯ್‌ಸ್ಟನ್‌ನ ತಾಯಿ ಹೀಗೆ ಓಡಿಹೋದವಳು ಒಂದು ದಿನ ಬಟ್ಟೆ ಒಣಹಾಕುವ ಹಗ್ಗದ ಕೆಳಗೇ ಬಿದ್ದು, ಮತ್ತೆ ಏಳಲಿಲ್ಲ. ಆಗ ಅವನಿಗೆ ಹನ್ನೆರಡು. ಬಿದ್ದವಳ ಕೈಯಲ್ಲಿದ್ದ ಬಟ್ಟೆಯನ್ನು ಮನೆಗೆ ತಂದು ಮಡಚಿಟ್ಟವಳು ನೆವಿಲ್‌ನ ತಾಯಿ. ಅದರ ಬಗ್ಗೆ ರಾಯ್‌ಸ್ಟನ್ ಇವತ್ತಿನವರೆಗೆ ಬಾಯಿ ಬಿಟ್ಟಿರಲಿಲ್ಲ.

ಕಾಗದ ನೆವಿಲ್‌ನ ಕೈಗೆ ಹೋಯಿತು. ಅವನು ಎರಡು ಸಲ ಓದಿದ.

"ಅವನಿಗೆ ಹೇಳು," ಎಂದು ಶುರುಮಾಡಿ, ಕಾಗದವನ್ನು ಮೇಜಿನ ಮೇಲಿಟ್ಟು, "ಚೆನ್ನಾಗಿದೆ ಅಂತ ಹೇಳು," ಎಂದ.

"ಅವನು ಇಲ್ಲೇ ಕೂತಿದಾನಲ್ಲೋ," ಎಂದ ಕ್ಲೈವ್.

"ಗೊತ್ತು. ನೀನೇ ಹೇಳು."

ಸ್ಟುಡಿಯೋದ ಯಂತ್ರಗಳನ್ನು ನೋಡಿಕೊಳ್ಳುತ್ತಿದ್ದವರು ಪ್ರೈಸ್ ಎಂಬ ವಯಸ್ಸಾದವರು. ಮೂವತ್ತು ವರ್ಷ ಚರ್ಚುಗಳ ಭಜನೆ ಮೇಳ, ಗಣಿ ಕೆಲಸಗಾರರ ಬ್ಯಾಂಡು ಇಂಥವನ್ನೇ ಟೇಪಿಗೆ ಇಳಿಸಿದವರು. ದಿನಾ ಟೈ ಕಟ್ಟಿಕೊಂಡೇ ಕೆಲಸಕ್ಕೆ ಬರುವವರು. ಫೋರ್ಜ್ ಲೇನ್ ಬಾರಿಸುವಾಗ ಕಿವಿಗೆ ಹತ್ತಿ ತುರುಕಿಕೊಳ್ಳುತ್ತಿದ್ದರು, ಅದನ್ನು ಮುಚ್ಚಿಡುತ್ತಲೂ ಇರಲಿಲ್ಲ. ಹಾಡನ್ನು ಕೇಳಿ ಅವರು, "ಒಂದು ಗಿಟಾರು, ಒಂದು ದನಿ. ಬೇರೇನೂ ಬೇಡ. ಇಬ್ಬರೂ ಎದುರುಬದರು ಕೂತು ಒಟ್ಟಿಗೇ ಮಾಡಿ. ಬೇರೆ ಬೇರೆ ಮಾಡಿ ಅಂಟಿಸಿದರೆ ಅಂಟಿಸಿದ ಹಾಗೇ ಕೇಳುತ್ತೆ," ಎಂದರು. ಆಮೇಲೆ ಕ್ಲೈವ್‌ನ ಕಡೆ ನೋಡಿ, "ಕ್ಷಮಿಸಿ ಟ್ರಾಂಟರ್. ಇದರಲ್ಲಿ ಡ್ರಮ್ಮಿಗೆ ಜಾಗವಿಲ್ಲ," ಎಂದರು.

ಕ್ಲೈವ್‌ಗೆ ನೋವಾಗಬೇಕಿತ್ತೇನೋ. ಆಗಲಿಲ್ಲ. ಶಾಲೆಗೆ ರಜೆ ಅಂದಾಗ ಮಕ್ಕಳಿಗೆ ಆಗುವಂಥದ್ದೇ ಆಯಿತು. "ಹಾಗಾದ್ರೆ ನಾನು ನಾಳೆ ಮನೆಗೆ ಹೋಗ್ತೀನಿ. ಹನ್ನೆರಡೂವರೆ ಬಸ್ಸಿದೆ," ಎಂದ. ಯಾರೂ ತಡೆಯಲಿಲ್ಲ. ಮನೆಯಿಂದಲೇ ಒಂದು ಕಾಗದ ಬರೆದು ತಂಡ ಬಿಡುವ ವಿಷಯ ತಿಳಿಸಿದರಾಯಿತು, ಮುಖ ನೋಡಿ ಹೇಳುವ ಕಷ್ಟ ತಪ್ಪಿತು ಎಂದುಕೊಂಡ. ಅವನಿಗೆ ನಾಚಿಕೆಯೂ ಆಯಿತು. ಆದರೆ ನಾಚಿಕೆಗಿಂತ ದಣಿವು ದೊಡ್ಡದಿತ್ತು.

ಮರುದಿನ ಹನ್ನೊಂದು ಗಂಟೆಗೆ ಅವನು ಚೀಲ ಕಟ್ಟಿಟ್ಟುಕೊಂಡು ಪ್ರೈಸ್ ಅವರ ಕೋಣೆಯಲ್ಲಿ ಕೂತ. ಗಾಜಿನ ಆಚೆ ಅವರಿಬ್ಬರೂ ಎದುರುಬದರು, ನಡುವೆ ಎರಡು ಮೈಕು. ರಾಯ್‌ಸ್ಟನ್‌ನ ಗಂಟಲು ದಿನಕ್ಕೆ ಮೂರು ಸಲ ಹಾಡುವಷ್ಟು ಮಾತ್ರ ತಡೆಯುತ್ತಿತ್ತು. ನಾಲ್ಕನೆಯದು ಇಲ್ಲ.

ಮೊದಲನೆಯ ಸಲ ನೆವಿಲ್ ಲಯ ಬಿಟ್ಟು ಓಡಿದ. ಎರಡನೆಯ ಸಲವೂ ಓಡಿದ. ಶುರುವಾಗುವಾಗ ಸರಿಯಾಗೇ ಇರುತ್ತಿತ್ತು. ಎರಡನೆಯ ಚರಣದ ಹೊತ್ತಿಗೆ ಬಸ್ಸು ತಪ್ಪಿಹೋಗುವವನ ಹಾಗೆ ದಾಪುಗಾಲು. ರಾಯ್‌ಸ್ಟನ್ ಉಸಿರು ಸಿಗದೆ ಹಿಂದೆ ಉಳಿಯುತ್ತಿದ್ದ. ಒಬ್ಬರ ಕಣ್ಣನ್ನು ಒಬ್ಬರು ನೋಡಿದ್ದರೆ ಆಗುತ್ತಿತ್ತು. ನೋಡುವವರಲ್ಲ. ಮೂರನೆಯ ಸಲ ರಾಯ್‌ಸ್ಟನ್ ಅರ್ಧದಲ್ಲೇ ಎದ್ದು ನಿಂತ. ಆ ದಿನದ ಪಾಲು ಮುಗಿಯಿತು.

ಕ್ಲೈವ್ ಚೀಲ ಹೆಗಲಿಗೇರಿಸಿ ತೋಟದ ಕಾಲುದಾರಿ ಹಿಡಿದು ರಸ್ತೆಗೆ ಬಂದ. ಬೇಲಿಯ ಪಕ್ಕ ಬಸ್ಸಿಗೆ ಕಾದು ನಿಂತ. ಹಿಂದಿನಿಂದ ಓಡಿಬರುವ ಸದ್ದು ಕೇಳಿಸಿತು. ನೆವಿಲ್. ಮೈಮೇಲೆ ಕೋಟಿಲ್ಲ, ಕಾಲಲ್ಲಿ ಪಾಡ್ಜ್‌ನ ರಬ್ಬರು ಬೂಟು.

"ಹೋಗ್ಬೇಡ ಕಣೋ."

"ನನಗೇನಿದೆ ಕೆಲಸ ಅಲ್ಲಿ?"

ನೆವಿಲ್ ಮೊಣಕಾಲ ಮೇಲೆ ಕೈಯೂರಿ ಸುಧಾರಿಸಿಕೊಂಡ. "ನಾನು ಯಾವಾಗಲೂ ಓಡ್ತೀನಿ. ನಿಂಗೊತ್ತು. ಎಂಟು ವರ್ಷದಿಂದ ಹಿಂದೆ ಕೂತು ಹಗ್ಗ ಹಿಡ್ಕೊಂಡಿದ್ದೋನು ನೀನು. ನಾನು ಅದನ್ನ ಒಂದು ದಿನಾನೂ ಹೇಳ್ಲಿಲ್ಲ, ಅಲ್ವಾ?"

"ಇಲ್ಲ."

"ಈಗ ಹೇಳ್ತಿದೀನಿ. ಬಾರಿಸ್ಬೇಡ. ಸುಮ್ನೆ ಕೂತ್ಕೊ. ನಾನು ನಿನ್ನ ನೋಡ್ಕೊಂಡು ಬಾರಿಸ್ತೀನಿ."

ಬಸ್ಸು ಬಂತು. ಡ್ರೈವರು ನಿಧಾನ ಮಾಡಿ ಇವರ ಕಡೆ ನೋಡಿದ. ಅವನ ಕೈಗಳು ಸ್ಟಿಯರಿಂಗ್ ಮೇಲೆ ಹಗುರಾಗಿ, ಬೆಕ್ಕಿನ ಮೇಲೆ ಇಟ್ಟ ಹಾಗೆ ಕೂತಿದ್ದವು. ಕ್ಲೈವ್ ಆ ಕೈಗಳನ್ನೇ ನೋಡಿದ. ಹತ್ತಿಬಿಡಬೇಕು ಅನ್ನಿಸಿತು. ಆದರೆ ಇವನನ್ನು ಈ ಬೂಟಿನಲ್ಲಿ ರಸ್ತೆಯ ಮೇಲೆ ಬಿಟ್ಟುಹೋಗಲು ಮನಸ್ಸು ಬರಲಿಲ್ಲ. ಇಲ್ಲವೆಂದು ತಲೆ ಅಲ್ಲಾಡಿಸಿದ. ಬಸ್ಸು ಹೋಯಿತು.

"ಒಂದೇ ದಿನ," ಎಂದ.

"ಒಂದೇ ದಿನ," ಎಂದ ನೆವಿಲ್.

ಮರುದಿನ ಬೆಳಿಗ್ಗೆ ಪ್ರೈಸ್ ಅವರು ನೆವಿಲ್, ರಾಯ್‌ಸ್ಟನ್ ಇಬ್ಬರ ನಡುವೆ ಒಂದು ಮೋಟು ಸ್ಟೂಲು ಇಟ್ಟರು. ಕ್ಲೈವ್‌ನ ಬೂಟು ನೆಲಕ್ಕೆ ತಾಗಿ ಸದ್ದಾಗುತ್ತದೆಂದು ಬಿಚ್ಚಿಸಿದರು. ಕಾಲಡಿಗೆ ನಾಲ್ಕು ಮಡಿಕೆ ಮಾಡಿದ ಕಂಬಳಿ. ಹೀಗೆ, ಇಂಗ್ಲೆಂಡಿನಲ್ಲೇ ಅತಿ ಜೋರಾಗಿ ಬಾರಿಸುವವನೆನಿಸಿಕೊಂಡ ಕ್ಲೈವ್ ಟ್ರಾಂಟರ್, ಹೆಬ್ಬೆರಳು ಹೊರಗೆ ಇಣುಕುತ್ತಿದ್ದ ಕಾಲುಚೀಲದಲ್ಲಿ, ಕೈಕಟ್ಟಿ ಕೂತ.

"ಎಷ್ಟು ಲಯಕ್ಕೆ?" ಎಂದ ನೆವಿಲ್. "ಅವನಿಗೆ ಕೇಳು."

"ಉಸಿರು ಎಳ್ಕೊಳ್ಳೋಕೆ ಬಿಡೋಷ್ಟು ಅಂತ ಹೇಳು," ಎಂದ ರಾಯ್‌ಸ್ಟನ್.

"ಜನ ನಿದ್ದೆ ಹೋಗ್ದೇ ಇರೋಷ್ಟು ಅಂತ ಹೇಳು."

ಕ್ಲೈವ್ ಪಾದ ಎತ್ತಿ ಇಳಿಸತೊಡಗಿದ. ಯೋಚಿಸಿ ಹಿಡಿದ ಲಯವಲ್ಲ. ಕೆಲಸ ಮುಗಿಸಿದವನು ಚೀಲ ಹೊತ್ತು ಏರುದಾರಿಯಲ್ಲಿ ಮನೆಗೆ ಹೋಗುವಾಗ ಕಾಲು ತಾನಾಗಿ ಹಿಡಿಯುವ ನಡಿಗೆ ಅದು.

"ಇಷ್ಟು ನಿಧಾನಾನಾ?" ಎಂದ ನೆವಿಲ್.

"ಇದಕ್ಕಿಂತ ಬೇಗ ನನ್ನ ಕೈಲಾಗಲ್ಲ," ಎಂದ ಕ್ಲೈವ್. ಅದು ನಿಜವಾಗಿತ್ತು. ನೆವಿಲ್ ಗಿಟಾರು ಎತ್ತಿಕೊಂಡ.

ಮೊದಲನೆಯ ಸಲ ಚೆನ್ನಾಗೇ ಹೋಗುತ್ತಿತ್ತು, ಅಡುಗೆಮನೆಯಲ್ಲಿ ಪಾಡ್ಜ್‌ನ ಚಹಾದ ಕೆಟಲು ಸಿಳ್ಳೆ ಹೊಡೆಯುವವರೆಗೆ. "ಕ್ಷಮಿಸ್ರಪ್ಪಾ, ಶ್ರುತಿಗೆ ಸರಿಯಾಗೇ ಇತ್ತಲ್ವಾ?" ಎಂದು ಅಲ್ಲಿಂದಲೇ ಕೂಗಿದ. ಎರಡನೆಯ ಸಲ ರಾಯ್‌ಸ್ಟನ್‌ನ ದನಿ ಒಡೆದು ಕೆಮ್ಮು ಬಂತು. ಎದ್ದುಹೋಗಿ ಬಿಸಿನೀರಿಗೆ ಜೇನು ಹಾಕಿ ಕುಡಿದು, ಬಂದು ಕೂತ. ಹೊರಗೆ ಕುರಿಗಳು ಅರಚುತ್ತಿದ್ದವು. ಅವು ಸುಮ್ಮನಾಗುವವರೆಗೆ ಪ್ರೈಸ್ ಅವರು ಕಾದರು.

ಮೂರನೆಯದಕ್ಕೆ ಕ್ಲೈವ್ ಕಣ್ಣು ಅರ್ಧ ಮುಚ್ಚಿಕೊಂಡ. ಕಾಲು ತನ್ನ ಪಾಡಿಗೆ ನಡೆಯಿತು. ಒಂದು ಕಡೆಯಿಂದ ನೆವಿಲ್‌ನ ದೃಷ್ಟಿ ತನ್ನ ಪಾದದ ಮೇಲೆ, ಇನ್ನೊಂದು ಕಡೆಯಿಂದ ರಾಯ್‌ಸ್ಟನ್‌ನ ದೃಷ್ಟಿ ತನ್ನ ಭುಜದ ಮೇಲೆ ಇರುವುದು ಬಿಸಿಲು ತಾಗಿದಂತೆ ಗೊತ್ತಾಗುತ್ತಿತ್ತು. ರಾಯ್‌ಸ್ಟನ್‌ಗೆ ಇಷ್ಟು ಮೆತ್ತನೆಯ ದನಿ ಇದೆಯೆಂದು ಯಾರಿಗೂ ಗೊತ್ತಿರಲಿಲ್ಲ. ಅಡುಗೆಮನೆಯಿಂದ ಯಾರನ್ನೋ ಕರೆದು ಏನೋ ಹೇಳುತ್ತಿರುವ ಹಾಗಿತ್ತು. ಎರಡು ಚರಣ ದಾಟಿದವು. ಕೊನೆಯದಕ್ಕೆ ಬಂದಾಗ ಅವನು ಬಾಯಿ ತೆರೆದ, ಮಾತು ಬರಲಿಲ್ಲ. ಹಗ್ಗದ ಕೆಳಗೆ ಬಿದ್ದವಳ ಸಾಲು ಅದು.

ನೆವಿಲ್‌ನ ಬೆರಳು ಒಂದು ಕ್ಷಣ ತಡವರಿಸಿತು. ಅಲ್ಲೇ ನಿಂತುಬಿಡುತ್ತಿದ್ದನೇನೋ. ಕ್ಲೈವ್‌ನ ಪಾದ ನಿಲ್ಲಲಿಲ್ಲ. ಏರಿತು, ಇಳಿಯಿತು. ನೆವಿಲ್ ಆ ರಾಗವನ್ನೇ ಇನ್ನೊಂದು ಸುತ್ತು ಬಾರಿಸಿದ, ಮನೆಯವರು ಬಾಗಿಲಲ್ಲಿ ದೀಪ ಹಿಡಿದು ಕಾಯುವ ಹಾಗೆ. ರಾಯ್‌ಸ್ಟನ್ ಒಮ್ಮೆ ಆಳವಾಗಿ ಉಸಿರೆಳೆದುಕೊಂಡ. ಮೈಕು ಅದನ್ನೂ ಹಿಡಿಯಿತು. ಆಮೇಲೆ ಆ ಸಾಲನ್ನು ಹಾಡಿ ಮುಗಿಸಿದ.

ಟೇಪು ತಿರುಗುವುದು ನಿಂತ ಮೇಲೂ ಯಾರೂ ಏಳಲಿಲ್ಲ.

"ಆ ತಪ್ಪು," ಎಂದ ರಾಯ್‌ಸ್ಟನ್ ಗಾಜಿನ ಕಡೆ ತಿರುಗಿ, "ಕತ್ತರಿಸಿ ಹಾಕೋಕಾಗತ್ತಾ?"

"ಆಗುತ್ತೆ," ಎಂದರು ಪ್ರೈಸ್. "ಆದರೆ ನಾನು ಕತ್ತರಿಸುವುದಿಲ್ಲ. ಬೇಕಾದರೆ ಬೇರೆ ಯಾರನ್ನಾದರೂ ಕರೆಸಿಕೊಳ್ಳಿ." ಅವರು ಆಗ ಕಿವಿಗೆ ಹತ್ತಿ ಇಟ್ಟುಕೊಂಡಿರಲಿಲ್ಲ.

ಕೂತು ಕೇಳಿದರು. ನಾಲ್ಕು ನಿಮಿಷ ಹನ್ನೊಂದು ಸೆಕೆಂಡು. ಕ್ಲೈವ್ ತನ್ನ ಕಾಲಿನ ಸದ್ದೇನಾದರೂ ಬಿದ್ದಿದೆಯೇ ಎಂದು ಕಿವಿಗೊಟ್ಟ. ಏನೂ ಇರಲಿಲ್ಲ. ಒಂದು ಗಿಟಾರು, ಒಂದು ದನಿ, ಅಷ್ಟೇ. ಕೆಲಸ ಮುಗಿಯಿತು ಅನ್ನಿಸಿತು ಅವನಿಗೆ. ಇವತ್ತಿನದಷ್ಟೇ ಅಲ್ಲ, ಎಲ್ಲವೂ.

"ನಾನು ಬಿಡ್ತಾ ಇದೀನಿ," ಎಂದ, ಬೂಟಿನ ದಾರ ಕಟ್ಟಿಕೊಳ್ಳುತ್ತ. "ತಂಡಾನ. ಮಾರ್ಚಲ್ಲಿ ಬಸ್ ಓಡಿಸೋಕೆ ಸೇರ್ಕೋತಿದೀನಿ."

ಪಾಡ್ಜ್ ಕೈಯಲ್ಲಿ ಚಹಾದ ತಟ್ಟೆ ಹಿಡಿದು ಬಾಗಿಲಲ್ಲೇ ನಿಂತ. ಮೊದಲು ಯಾರೂ ನಂಬಲಿಲ್ಲ. ಆಮೇಲೆ ನೆವಿಲ್ ಸರ್ರನೆ ರಾಯ್‌ಸ್ಟನ್‌ನ ಕಡೆ ತಿರುಗಿದ.

"ಇದೆಲ್ಲ ನಿನ್ನಿಂದ! ಮೂರು ತಿಂಗಳು ಇವನನ್ನ ಚಪ್ರಾಸಿ ಮಾಡ್ಕೊಂಡ್ಯಲ್ಲ!"

"ನಾನಾ? ಮಾತು ಬಿಟ್ಟೋನು ಯಾರೋ? ನೀನು!"

"ವಯರು ಕಿತ್ತೋನು ನೀನು!"

"ಒಂಬತ್ತು ನಿಮಿಷ ಕಣೋ! ನಾನಾಗಿದ್ದಕ್ಕೆ ವಯರು ಕಿತ್ತೆ. ಬೇರೆಯೋರಾಗಿದ್ರೆ ಕತ್ತೇ ಕೀಳ್ತಿದ್ರು!"

"ರಾಯ್‌ಸ್ಟನ್, ಕೂಗ್ಬೇಡ, ಗಂಟಲು," ಎಂದ ನೆವಿಲ್, ತಾನೇ ಕೂಗುತ್ತ.

ಪಾಡ್ಜ್ ತಟ್ಟೆಯನ್ನು ಮೇಜಿನ ಮೇಲಿಟ್ಟು, "ಅಬ್ಬಾ. ಬಾಯಿ ಬಂತು ಇಬ್ಬರಿಗೂ," ಎಂದ. ಆಮೇಲೆ ಕ್ಲೈವ್‌ನ ಪಕ್ಕ ಕೂತು, ಮೆಲ್ಲಗೆ, "ನಿಜವಾಗ್ಲೂನಾ?" ಎಂದು ಕೇಳಿದ.

"ನಿಜವಾಗ್ಲೂ."

"ಬಸ್ಸಲ್ಲಿ ನನಗೆ ಟಿಕೆಟ್ ಕೇಳ್ತೀಯಾ?"

"ಕೇಳ್ತೀನಿ."

ಪಾಡ್ಜ್ ತಲೆದೂಗಿದ. ಅವನ ಕಣ್ಣು ತುಂಬಿತ್ತು. ಅವರಿಬ್ಬರ ಜಗಳ ಮುಂದುವರಿಯಿತು. ಕ್ಲೈವ್ ವಯರುಗಳ ರಾಶಿಗೆ ಒರಗಿಕೊಂಡು ಅದನ್ನೇ ಕೇಳುತ್ತ ಕೇಳುತ್ತ ನಿದ್ದೆಹೋದ. ಎಚ್ಚರವಾದಾಗ ಯಾರೋ ಮೈಮೇಲೆ ಕೋಟು ಹೊದಿಸಿದ್ದರು. ಪ್ರೈಸ್ ಅವರು ಟೇಪಿನ ಡಬ್ಬದ ಮೇಲೆ ಹಾಡಿನ ಹೆಸರು ಬರೆಯುತ್ತಿದ್ದರು.

ಹೀಗೆ ಕ್ಲೈವ್ ಮನೆಗೆ ಬಂದ. ಹೇಝೆಲ್ ಅವನ ಗಡ್ಡ ನೋಡಿ ಹೆದರಿ ಎರಡು ದಿನ ಅತ್ತಳು. ಮೂರನೆಯ ದಿನ ಬಂದು ಅವನ ಮೂಗು ಹಿಡಿದಳು. ಮಾರ್ಚ್ ಹನ್ನೆರಡಕ್ಕೆ ಡಿಪೋಗೆ ಹೋದ. ಬಸ್ಸಿನ ಸ್ಟಿಯರಿಂಗ್ ಹಿಡಿಯಲು ಬೆರಳು ಮಡಚಿದರೆ ಸಾಕಿತ್ತು, ಬಡಿಯಬೇಕಿರಲಿಲ್ಲ. ಆದರೂ ಮೊದಲ ತಿಂಗಳೆಲ್ಲ ಅವನು ಮನೆಗೆ ಬಂದವನೇ ಉಣ್ಣದೆ ಮಲಗಿಬಿಡುತ್ತಿದ್ದ. ಹದಿನಾಲ್ಕು ತಿಂಗಳ ದಣಿವು ಸಾಲಾಗಿ ನಿಂತು ಒಂದೊಂದಾಗಿ ಒಳಗೆ ಬರುತ್ತಿತ್ತು.

ಮೇ ತಿಂಗಳಲ್ಲಿ ಆಲ್ಬಮ್ಮು ಬಂತು. ಜೋರಿನ ಏಳು ಹಾಡುಗಳನ್ನು ಯಾರೂ ಅಷ್ಟಾಗಿ ಕೇಳಲಿಲ್ಲ. ಕೊನೆಯ ನಾಲ್ಕು ನಿಮಿಷವನ್ನು ಮಾತ್ರ ಎಲ್ಲರೂ ಕೇಳಿದರು. ರೇಡಿಯೋದಲ್ಲಿ ದಿನಕ್ಕೆ ಐದಾರು ಸಲ. ಕ್ಷೌರದಂಗಡಿಯಲ್ಲಿ, ಮೀನಿನಂಗಡಿಯಲ್ಲಿ, ಅವನದೇ ಡಿಪೋದ ಕ್ಯಾಂಟೀನಿನಲ್ಲಿ. ಗುರುತಿದ್ದವರು, "ನಿನ್ನ ತಂಡದ ಹಾಡಲ್ವಾ? ಡ್ರಮ್ಮೇ ಇಲ್ವಲ್ಲೋ ಇದರಲ್ಲಿ," ಎಂದು ಚುಡಾಯಿಸುತ್ತಿದ್ದರು. ಅದಕ್ಕೇ ಚೆನ್ನಾಗಿರೋದು ಎಂದು ಅವನು ಹೇಳುತ್ತಿದ್ದ.

ಬೆರಿಲ್ ಅದನ್ನು ಮೊದಲ ಸಲ ಕೇಳಿದ್ದು ಬಟ್ಟೆ ಇಸ್ತ್ರಿ ಮಾಡುವಾಗ. ಮುಗಿಯುವವರೆಗೆ ಇಸ್ತ್ರಿಪೆಟ್ಟಿಗೆ ಎತ್ತಿ ಹಿಡಿದೇ ನಿಂತಿದ್ದಳು.

"ನೀನೆಲ್ಲಿದೀಯ ಇದರಲ್ಲಿ?"

"ನಾನಿಲ್ಲ."

"ಸುಳ್ಳು ಹೇಳ್ಬೇಡ. ಗೇಟಿಂದ ಬಾಗಿಲಿಗೆ ಬರುವಾಗ ನೀನು ನಡೆಯೋದು ಹೀಗೇ," ಎಂದಳು. ಮುಖ ತೊಳೆಯಲು ಹೋದವನು ನಲ್ಲಿ ತಿರುಗಿಸಿ ಬಹಳ ಹೊತ್ತು ಅಲ್ಲೇ ನಿಂತಿದ್ದ.

ಅಕ್ಟೋಬರಿನ ಒಂದು ಮಂಗಳವಾರ, ಮಧ್ಯಾಹ್ನದ ಊಟದ ಹೊತ್ತಿಗೆ, ನೆವಿಲ್ ಹ್ಯಾಡ್ಲಿ ಬಂದು ಕ್ಲೈವನ ಮನೆಯ ಬಾಗಿಲು ತಟ್ಟಿದ. ಒಬ್ಬನೇ ಬಂದಿದ್ದ. ದುಬಾರಿ ಚರ್ಮದ ಕೋಟು, ಅದರೊಳಗೆ ಅರ್ಧ ಆಗಿಹೋಗಿದ್ದ ಮನುಷ್ಯ. ಬೆರಿಲ್ ಅವನ ಮುಂದೆ ಹಂದಿಯ ಲಿವರು ಕೊಚ್ಚಿ ಮಾಡಿದ ಉಂಡೆಯನ್ನೂ ಬಟಾಣಿಯನ್ನೂ ಇಟ್ಟಳು. ಅವನು ಮುಳ್ಳುಚಮಚ ಹಿಡಿದುಕೊಂಡು ಕೂತ, ತಿನ್ನಲಿಲ್ಲ.

"ಹೊಸ ಡ್ರಮ್ಮಿನವನು ಹೇಗಿದಾನೆ?" ಎಂದ ಕ್ಲೈವ್.

"ಒಳ್ಳೆಯವನು. ನಿನಗಿಂತ ಜೋರು."

"ರಾಯ್‌ಸ್ಟನ್ ಜೊತೆ ಮಾತಾಡ್ತೀಯಾ?"

"ಮಾತಾಡ್ತೀನಿ. ಅದು ಸರಿಹೋಯ್ತು, ಈಗ ಹಾಡೇ ತೊಂದ್ರೆ." ನೆವಿಲ್ ನಗಲು ನೋಡಿದ. "ಆ ಹಾಡು ಬೇಕು ಜನಕ್ಕೆ. ಬೇರೇನೂ ಬೇಡ. ವೇದಿಕೆ ಹತ್ತಿದ ಕೂಡಲೇ ಅದಕ್ಕೇ ಕೂಗ್ತಾರೆ. ನಾನು ಶುರು ಮಾಡ್ತೀನಿ, ಓಡಿಬಿಡ್ತೀನಿ. ಅವನು ಉಸಿರು ಕಟ್ಟಿ ನಿಲ್ತಾನೆ. ಜನ ಅದಕ್ಕೂ ಚಪ್ಪಾಳೆ ಹೊಡೀತಾರೆ ಕಣೋ. ಅವರಿಗೆ ಗೊತ್ತಾಗಲ್ಲ. ನಮಗೆ ಗೊತ್ತಾಗತ್ತೆ."

ಕ್ಲೈವ್ ತಟ್ಟೆಯನ್ನು ಅವನ ಹತ್ತಿರಕ್ಕೆ ಸರಿಸಿದ.

"ಜನವರಿಗೆ ಮತ್ತೆ ಅಮೆರಿಕಕ್ಕೆ ಹೊರಟಿದೀವಿ. ಬಾ. ಆ ಒಂದು ಹಾಡಿಗೆ ಮಾತ್ರ. ನಾಲ್ಕೇ ನಿಮಿಷ ಕೂತ್ಕೊ."

"ನಾಲ್ಕು ನಿಮಿಷ ಕೂರೋಕೆ ನಲವತ್ತು ಊರು ತಿರುಗ್ಬೇಕಲ್ಲೋ ನೆವ್."

"ಹೌದು."

"ನನ್ನ ಕೈಲಾಗಲ್ಲ."

"ಗೊತ್ತಿತ್ತು," ಎಂದ ನೆವಿಲ್. ಅವನಿಗೆ ಸಿಟ್ಟು ಬರಲಿಲ್ಲ. ಬೇಡಿಕೊಳ್ಳಲೂ ಇಲ್ಲ. "ಕೇಳಿ ನೋಡೋಣ ಅಂತ ಬಂದೆ." ಅಷ್ಟು ಹೇಳಿ ಎದ್ದು ಹೋಗಿ ಸೋಫಾದ ಮೇಲೆ, ಹೇಝೆಲ್‌ಳ ಗೊಂಬೆಗಳ ನಡುವೆ, ಒಂದು ನಿಮಿಷ ಕೂರುವವನಂತೆ ಕೂತ. ಐದು ನಿಮಿಷದಲ್ಲಿ ಬಾಯಿ ತೆರೆದುಕೊಂಡು ನಿದ್ದೆಹೋಗಿದ್ದ.

ಎರಡು ಗಂಟೆಗೆ ಕ್ಲೈವ್‌ನ ಪಾಳಿ. ಅವನು ಟೋಪಿ ಹಾಕಿಕೊಂಡ.

"ಎಬ್ಬಿಸಲಾ?" ಎಂದಳು ಬೆರಿಲ್.

"ಬೇಡ. ಎಷ್ಟು ಹೊತ್ತು ಬೇಕೋ ಅಷ್ಟು ಮಲಗಲಿ."

ಪಾಳಿ ಮುಗಿಸಿ ಅವನು ಬಂದಾಗ ಸೋಫಾ ಖಾಲಿಯಾಗಿತ್ತು. ಹೇಝೆಲ್ ಮಲಗಿದ್ದಳು. ಬೆರಿಲ್ ಊಟ ಬಿಸಿಮಾಡುತ್ತಿದ್ದಳು.

"ಯಾವಾಗ ಹೋದ?"

"ಏಳೋ ಹೊತ್ತಿಗೇ ಆರು ಗಂಟೆ. ಎದ್ದೋನು ಸುತ್ತ ನೋಡಿ, ಇದು ಯಾವ ಊರು ಅಂತ ಕೇಳಿದ. ವಾಲ್ಸಾಲ್ ಕಣಪ್ಪಾ, ನಿಮ್ಮೂರಲ್ಲೇ ಇದೀಯ ಅಂದೆ. ಅಷ್ಟಕ್ಕೇ ಅಳೋಕೆ ಶುರುಮಾಡಿದ."

"ಆಮೇಲೆ?"

"ಅವರಮ್ಮನ್ನ ನೋಡ್ಕೊಂಡು ಹೋಗ್ತೀನಿ ಅಂತ ಹೇಳಿ ಹೋದ."

"ಊಟ ಮಾಡಿದ್ನಾ?"

"ಎರಡು ತಟ್ಟೆ," ಎಂದಳು ಬೆರಿಲ್.

ಕ್ಲೈವ್ ಟೋಪಿಯನ್ನು ಗೂಟಕ್ಕೆ ಹಾಕಿ ಊಟಕ್ಕೆ ಕೂತ.